ಎರಡು ಗಡಿಯಾರದ ಕಾಕಾ

ಕಾಕಾನ ಮಿಮಿಕ್ರಿ ಮಾಡಬೇಕೆಂದರೆ ಮೊದಲು ಎಡಗೈ ಮಣಿಕಟ್ಟನ್ನು ಕಣ್ಣಿನ ಹತ್ತಿರ ತಂದು, 'ಹಾಂ, ಇಲ್ಲಿ ಎರಡೂವರಿ' ಅನ್ನಬೇಕು. ಆಮೇಲೆ ಬಲಗೈ ಮಣಿಕಟ್ಟನ್ನು ಇನ್ನೂ ಹತ್ತಿರ ತಂದು, ಯಾರೋ ಪಕ್ಕದಲ್ಲಿ ಮಲಗಿದ್ದಾರೆ ಅನ್ನುವಂತೆ ದನಿ ಇಳಿಸಿ, 'ಅಲ್ಲಿ ಇನ್ನಾ ಹನ್ನೊಂದು. ಹೊಲದಾಗ ಇರ್ತಾರ' ಅನ್ನಬೇಕು.

ಇಷ್ಟು ಮಾಡಿದರೆ ನಮ್ಮೂರು ಗೊಬ್ಬೂರಿನಲ್ಲಿ ನಗು ಗ್ಯಾರಂಟಿ. ಮದುವೆಯಲ್ಲಿ, ಕಾಲೇಜಿನ ಗ್ಯಾದರಿಂಗಿನಲ್ಲಿ, ಒಮ್ಮೆ ಯಾರದೋ ಸೀಮಂತದಲ್ಲೂ ಇದನ್ನು ಮಾಡಿದ್ದೇನೆ. ಕಾಕಾ ಮುಂದಿನ ಸಾಲಿನಲ್ಲೇ ಕೂತಿರುತ್ತಿದ್ದರು. ತಮ್ಮನ್ನೇ ನೋಡಿ ಎಲ್ಲರಿಗಿಂತ ಮೊದಲು ನಗುತ್ತಿದ್ದರು. ಮುಗಿದ ಮೇಲೆ ಕರೆದು ತಿದ್ದುತ್ತಿದ್ದರು: 'ಬಲಗೈ ಗಡಿಯಾರ ನಾ ಒಳಮುಖ ಕಟ್ತೇನಿ ಲೇ. ನೀ ಹೊರಮುಖ ಮಾಡಿದಿ. ಮಾಡೋದಾದ್ರ ನೆಟ್ಟಗ ಮಾಡು.'

ನನ್ನ ಹೊಟ್ಟೆಪಾಡೇ ಬೇರೆಯವರ ದನಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಆಟೋದ ಮೇಲೆ ಮೈಕು ಕಟ್ಟಿಕೊಂಡು ಸೀರೆ ಸೇಲು, ಕಣ್ಣಿನ ಶಿಬಿರ, ಕಬಡ್ಡಿ ಪಂದ್ಯ ಅಂತ ಕೂಗುತ್ತಾ ಹೋಗುತ್ತದಲ್ಲ, ಆ ದನಿಗಳಲ್ಲಿ ಅರ್ಧ ನನ್ನವು. ಗಂಡಸಿನದೂ ನನ್ನದೇ, ಹೆಂಗಸಿನದೂ ನನ್ನದೇ, ನಡುವೆ ಅಳುವ ಕೂಸೂ ನಾನೇ. ನನ್ನ ಸ್ವಂತ ದನಿ ಯಾವುದು ಅಂತ ನಮ್ಮವ್ವ ಕೇಳಿದರೆ ನಾನೂ ಎರಡು ನಿಮಿಷ ಯೋಚಿಸಬೇಕಾಗುತ್ತದೆ. ಇಂಥವನು ಒಬ್ಬರ ವ್ಯಕ್ತಿಚಿತ್ರ ಬರೆಯಲು ಕೂತಿದ್ದೇನೆ. ಸುಮ್ಮನೆ ಆಡಿ ತೋರಿಸುವುದಾಗಿದ್ದರೆ ಇಷ್ಟು ಕಷ್ಟ ಇರಲಿಲ್ಲ.

ಕಾಕಾ ನನ್ನ ಸ್ವಂತ ಕಾಕಾ ಅಲ್ಲ. ಒಂದೇ ಓಣಿ, ಎದುರು ಮನೆ. ಹಿಂದೆ ಗ್ರಾಮಸೇವಕರಾಗಿ ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿ ಸುತ್ತಿ, ರೈತರಿಗೆ ಬೀಜ, ಗೊಬ್ಬರದ ವಿಚಾರ ಹೇಳಿ ನಿವೃತ್ತಿ ಆದವರು. ನಿವೃತ್ತಿ ಆದ ಮೇಲೂ ಹೇಳುವುದು ನಿಲ್ಲಿಸಲಿಲ್ಲ, ಅದೇ ತೊಂದರೆ. ಯಾವ ಮಾತನ್ನೂ ಅವರು 'ಜಗತ್ತಿನಾಗ' ಅಂತಲೇ ಶುರು ಮಾಡುತ್ತಿದ್ದರು. ಸಾರಿಗೆ ಉಪ್ಪು ಕಡಿಮೆ ಆದರೂ 'ಜಗತ್ತಿನಾಗ ಉಪ್ಪು ಇಲ್ಲದ ನಾಡು ಎಷ್ಟೋ ಅವ' ಅನ್ನುವರು. ಅವರು ಬರುತ್ತಿರುವುದು ಕಂಡರೆ ಚಾದಂಗಡಿಯ ಖಾಸಿಂ ಮಾಮು ನನಗೆ ಕಣ್ಣು ಹೊಡೆದು, 'ಲೇ, ದುನಿಯಾ ಬಂತು ನೋಡು, ಸರಕೊಂಡು ಕೂಡು' ಅನ್ನುತ್ತಿದ್ದ.

ಅವರ ವಿದ್ಯೆ ಒಂದೇ: ತೊಗರಿಯ ಕುಡಿ ಚಿವುಟುವುದು. ತೊಗರಿ ಮೊಳಕಾಲುದ್ದ ಬಂದಾಗ ನೆತ್ತಿಯ ಕುಡಿಯನ್ನು ಚಿವುಟಿ ತೆಗೆದರೆ ಗಿಡ ಮೇಲಕ್ಕೆ ಓಡುವುದು ಬಿಟ್ಟು ಪಕ್ಕಕ್ಕೆ ಟೊಂಗೆ ಒಡೆಯುತ್ತದೆ. ಟೊಂಗೆ ಹೆಚ್ಚಾದಷ್ಟು ಕಾಯಿ ಹೆಚ್ಚು. ಇದು ಕಾಕಾ ಕಂಡುಹಿಡಿದದ್ದೇನೂ ಅಲ್ಲ, ಎಲ್ಲ ಕಡೆ ಹೇಳುವುದೇ. ಆದರೆ ಬೆಳೆಯುವ ಗಿಡದ ತಲೆ ತೆಗೆಯುವುದೆಂದರೆ ಮೊದಮೊದಲು ಜನಕ್ಕೆ ಮನಸ್ಸು ಬರುತ್ತಿರಲಿಲ್ಲ. ಕಾಕಾ ಬದುವಿನ ಮೇಲೆ ನಿಂತು ಕೂಗುವರು: 'ಅಂಜಬ್ಯಾಡ್ರಿ, ಚಿವುಟ್ರಿ!' ಈ ಕೂಗು ನನ್ನ ಮಿಮಿಕ್ರಿಯ ಎರಡನೇ ಐಟಮ್ಮು.

ನಾನು ಪಿಯುಸಿಯಲ್ಲಿ ಮೊದಲ ಸಲ ಫೇಲಾದ ವರ್ಷ ನಮ್ಮೂರಿಗೆ ಮಲಾವಿ ಎಂಬ ದೇಶದಿಂದ ಒಂದು ಜೀಪು ತುಂಬ ರೈತರು ಬಂದರು. ಆಫ್ರಿಕಾದ ದೇಶ, ಅಲ್ಲೂ ತೊಗರಿ ಬೆಳೆಯುತ್ತಾರಂತೆ, ನಂದೋಲೋ ಅನ್ನುತ್ತಾರಂತೆ. ದೂರದ ಒಂದು ಶ್ರೀಮಂತ ದೇಶ ದುಡ್ಡು ಕೊಟ್ಟು, ತೊಗರಿ ಬೆಳೆಯುವ ಊರುಗಳು ಒಂದರಿಂದ ಒಂದು ಕಲಿಯಲಿ ಅಂತ ಮಾಡಿದ ಯೋಜನೆ ಅದು. ಕಲಿಸಲು ಕಾಕಾನನ್ನು ಕರೆದರು. ನಿವೃತ್ತಿಯಾದ ಮನುಷ್ಯನಿಗೆ ಜಗತ್ತೇ ಮನೆಗೆ ಬಂದಂತಾಯಿತು.

ಬಂದವರಲ್ಲಿ ಚಿಸೊಮೊ ಅಂತ ಒಬ್ಬ ಹುಡುಗ. ನನಗಿಂತ ಸ್ವಲ್ಪ ದೊಡ್ಡವನು. ಕಾಕಾ ಅವನ ತಲೆಗೆ ತಮ್ಮ ಪಟಕಾ ಸುತ್ತಿ, ಹೊಲಕ್ಕೆ ಇಳಿಸಿ, ಕೈ ಹಿಡಿದು ತೋರಿಸಿದರು. 'ಮಗಳ ಜಡಿ ಹಿಡಿದಂಗ ಹಿಡಿ. ಎರಡು ಎಲಿ ಬಿಟ್ಟು ಚಿವುಟು. ಅಂಜಬ್ಯಾಡ.' ದುಭಾಷಿ ಅದನ್ನು ಇಂಗ್ಲಿಷಿಗೆ ಮಾಡುವಷ್ಟರಲ್ಲಿ ಚಿಸೊಮೊ ಚಿವುಟಿ ಆಗಿತ್ತು. ಸಂಜೆಯ ಹೊತ್ತಿಗೆ ಅವನು ಬದುವಿನ ಮೇಲೆ ನಿಂತು 'ಅಂಜಬ್ಯಾಡ್ರಿ, ಚಿವುಟ್ರಿ!' ಅಂತ ಕಾಕಾನ ದನಿಯಲ್ಲಿ ಕೂಗಿದ. ಊರು ಬಿದ್ದು ಬಿದ್ದು ನಕ್ಕಿತು. ನನಗೆ ಮಾತ್ರ ಹೊಟ್ಟೆ ಉರಿಯಿತು. ನಾನು ಹುಟ್ಟಿದಾಗಿನಿಂದ ಎದುರು ಮನೆಯಲ್ಲಿದ್ದು ಕಲಿತದ್ದನ್ನು ಇವನು ಒಂದೇ ದಿನದಲ್ಲಿ ಹೊಡೆದಿದ್ದ.

ಮರುದಿನ ಕಾಕಾ ಆ ರೈತರನ್ನು ಘತ್ತರಗಿಗೆ ಕರೆದೊಯ್ದರು. ಭಾಗ್ಯವಂತಿ ದೇವಿಯ ದರ್ಶನ ಆಗಿ ಭೀಮಾ ದಂಡೆಯಲ್ಲಿ ನಿಂತಾಗ ಚಿಸೊಮೊ ಕೇಳಿದ, ಈ ನೀರು ಎಲ್ಲಿಂದ ಬರುತ್ತದೆ ಅಂತ. 'ಮ್ಯಾಲಿಂದ, ಮಹಾರಾಷ್ಟ್ರದಿಂದ. ಅವರು ಬಿಟ್ಟರ ಬರ್ತದ,' ಅಂದರು ಕಾಕಾ. ಅವನು ನೀರನ್ನೇ ನೋಡುತ್ತಾ, 'ಹಾಗಾದರೆ ನೀವೂ ಯಾರೋ ಬಿಡಲಿ ಅಂತ ಕಾಯುವವರೇ' ಅಂದ. ದುಭಾಷಿ ಅದನ್ನು ಕನ್ನಡಕ್ಕೆ ಮಾಡಿದಾಗ ಕಾಕಾ ಅವನ ಬೆನ್ನು ಚಪ್ಪರಿಸಿ, 'ಇಂವ ನಮ್ಮಂವ' ಅಂದರು.

ಹೊರಡುವ ಮುಂಚೆ ಮಲಾವಿಯವರು ಒಂದು ಮಾತು ಕೊಟ್ಟರು. ನಮ್ಮ ಕರಿ ಮಣ್ಣಿನಲ್ಲಿ ಅಕಾಲಕ್ಕೆ ಮಳೆ ಬಂದು ನೀರು ನಿಂತರೆ ತೊಗರಿ ಹಳದಿಯಾಗಿ ನಿಂತಲ್ಲೇ ಸಾಯುತ್ತದೆ. ಅವರ ಕೆರೆಯಂಚಿನ ಊರಲ್ಲಿ ಒಂದು ಜಾತಿಯ ನಂದೋಲೋ ಇದೆ, ನೀರಲ್ಲಿ ಕಾಲಿಟ್ಟುಕೊಂಡೂ ಬದುಕುತ್ತದೆ. ಮುಂದಿನ ವರ್ಷ ಯೋಜನೆಯವರ ಕೈಯಲ್ಲಿ ಒಂದು ಮುಷ್ಟಿ ಬೀಜ ಕಳಿಸುತ್ತೇವೆ, ಬಿತ್ತಿ ನೋಡಿ ಅಂದರು. ಕಾಕಾ ಅಂದೇ ತಮ್ಮ ಹೊಲದ ಬದುವಿನ ಪಕ್ಕ ನಾಲ್ಕು ಸಾಲು ಜಾಗ ತೋರಿಸಿ, 'ಇದು ನಿಮ್ಮದು. ಇಲ್ಲಿ ಬ್ಯಾರೆ ಏನೂ ಬಿತ್ತಂಗಿಲ್ಲ' ಅಂದರು. ಅಂದೇ ಬಲಗೈಗೆ ಎರಡನೇ ಗಡಿಯಾರ ಬಂತು. ಅಫಜಲಪುರದ ಬಸ್‌ ಸ್ಟ್ಯಾಂಡಿನ ಮುಂದಿನ ಮಾಲು. ಮಲಾವಿಯ ವೇಳೆಗೆ ಮೂರೂವರೆ ತಾಸು ಹಿಂದೆ ಇಟ್ಟು ಕಟ್ಟಿಕೊಂಡರು.

ಮುಂದಿನ ವರ್ಷ ಬೀಜ ಬರಲಿಲ್ಲ. ದುಡ್ಡು ಕೊಡುತ್ತಿದ್ದ ದೇಶದ ಮನಸ್ಸು ಬದಲಾಗಿತ್ತು. ನಮ್ಮ ದುಡ್ಡು ನಮಗೇ ಇರಲಿ ಅಂದಿತಂತೆ. ಕಾಕಾ ಕಲಬುರಗಿಯಲ್ಲಿದ್ದ ಯೋಜನೆಯ ಕಚೇರಿಗೆ ಬಸ್ಸು ಹಿಡಿದು ಹೋದರೆ ಅಲ್ಲಿ ಟೈಲ್ಸ್ ಅಂಗಡಿ ಇತ್ತು. ತಿರುಗಿ ಬಂದು, 'ಕಚೇರಿ ಬ್ಯಾರೆ ಕಡೆ ಹೋಗಿರಬೇಕು' ಅಂದರು. ನಾಲ್ಕು ಸಾಲು ಖಾಲಿ ಬಿಟ್ಟರು. ಅದರ ಮರುವರ್ಷವೂ ಖಾಲಿ. ಹುಲ್ಲು ಬೆಳೆಯಿತು. ಓಣಿಯವರು ಆ ತುಂಡಿಗೆ ಆಫ್ರಿಕಾ ಅಂತ ಹೆಸರಿಟ್ಟರು. 'ಕಾಕಾ, ಆಫ್ರಿಕಾದಾಗ ನಮ್ಮ ಎಮ್ಮಿ ಹೊಕ್ಕಾದ' ಅಂತ ಯಾರಾದರೂ ಕೂಗಿದರೆ ಕಾಕಾ ಕೋಲು ಹಿಡಿದು ಓಡುವರು. ಎಷ್ಟೋ ಸಲ ಎಮ್ಮೆಯೂ ಇರುತ್ತಿರಲಿಲ್ಲ, ದನಿ ಮಾತ್ರ ನನ್ನದಿರುತ್ತಿತ್ತು.

ಬೀಜ ಬರಲಿಲ್ಲ, ತೊಗರಿ ಬಂತು. ಹಡಗಿನಲ್ಲಿ. ಆ ವರ್ಷ ಪೇಟೆಯಲ್ಲಿ ನಮ್ಮ ತೊಗರಿಯ ಧಾರಣೆ ಕುಸಿದು ಕೂತಿತು. ಯಾಕೆ ಅಂತ ಕೇಳಿದರೆ ಅಡತಿ ಅಂಗಡಿಯವರೆಲ್ಲ ಆಫ್ರಿಕಾದ ಮಾಲು ಅಂದರು. ನಮ್ಮ ಓಣಿಯ ಶರಣಪ್ಪ, ಮೀಸೆ ತಿರುವುವುದೊಂದು ಬಿಟ್ಟು ಉಳಿದ ಕೆಲಸ ಜನರಿಂದ ಮಾಡಿಸುವ ಮನುಷ್ಯ, ಚಾದಂಗಡಿಯಲ್ಲಿ ಎಲ್ಲರ ಮುಂದೆ ಕೈ ಮುಗಿದ.

'ಕಾಕಾ, ನಿಮ್ಮ ಶಿಷ್ಯರು ಭಾರಿ ಛಲೋ ಬೆಳೆದಾರ್ರಿ. ನಮ್ಮ ಹೊಟ್ಟಿ ಮ್ಯಾಲೇ ಟೊಂಗಿ ಒಡದಾವ.'

'ಲೇ ಶರಣ್ಯಾ, ಅವರೂ ಉಣ್ಣಬೇಕಲ್ಲೋ.'

'ಉಣ್ಲಿ. ನಮ್ಮ ತಾಟಿನಾಗ ಯಾಕ ಉಣ್ಣಬೇಕು? ನೀವು ಕಲಿಸಿದ್ರಿ. ಅವರು ಏನು ಕೊಟ್ರು? ಒಂದು ಮುಷ್ಟಿ ಬೀಜಾ ಕೊಡ್ಲಿಲ್ಲ.'

ಕಾಕಾ ಎಡಗೈ ನೋಡಿದರು, ಬಲಗೈ ನೋಡಿದರು. 'ಕೊಡ್ತಾರ. ಮಾತು ಕೊಟ್ಟಾರ,' ಅಂದರು. ಆ ಹೊತ್ತಿನಲ್ಲಿ ನಾನು ನಗಿಸಬೇಕಿತ್ತು. ಬಾಯಿ ತೆರೆದೆ. ಯಾರ ದನಿಯೂ ಬರಲಿಲ್ಲ.

ಮುಂದೆ ನಡೆದದ್ದು ಗೊಬ್ಬೂರಿನವರು ಮಾತ್ರ ಮಾಡಬಹುದಾದ ತಪ್ಪು. ಮರುವರ್ಷ ತೊಗರಿ ಮೊಳಕಾಲುದ್ದ ಬಂದಾಗ ಶರಣಪ್ಪ ಕಟ್ಟೆಯ ಮೇಲೆ ಕೂತು, 'ಈ ಸಲ ಯಾರೂ ಕುಡಿ ಚಿವುಟಬಾರದು' ಅಂದ. ಯಾಕೆ ಅಂದರೆ, ಆಫ್ರಿಕಾದವರು ಚಿವುಟುತ್ತಾರೆ, ಅದಕ್ಕೇ. ಮತ್ತೆ, ಚಿವುಟಿದರೆ ಕಾಕಾನ ಹೆಸರು ಉಳಿಯುತ್ತದೆ, ಅದಕ್ಕೂ. ಒಬ್ಬನಾದರೂ 'ಇದರಾಗ ನಮಗ ಏನು ಸಿಗ್ತದ' ಅಂತ ಕೇಳಬೇಕಿತ್ತು. ಎಲ್ಲರೂ ಹೂಂ ಅಂದರು. ನಮ್ಮಪ್ಪನೂ ಅಂದ. ಇಡೀ ಊರಿನ ತೊಗರಿ, ಬಡಿಗೆ ನೆಟ್ಟಂತೆ, ನೆಟ್ಟಗೆ ಮೇಲಕ್ಕೆ ಹೋಯಿತು.

ಕಾಕಾಗೆ ಅದನ್ನು ನೋಡಲು ಆಗಲಿಲ್ಲ. ಒಂದು ಮುಂಜಾನೆ ಶರಣಪ್ಪನ ಹೊಲದಲ್ಲಿ ಬಗ್ಗಿ ಚಿವುಟುತ್ತಿದ್ದವರು ಸಿಕ್ಕಿಬಿದ್ದರು. ಶರಣಪ್ಪ 'ಕಳ್ಳ, ಕಳ್ಳ' ಅಂತ ಕೂಗಿ ಮಂದಿ ಕೂಡಿಸಿದ.

'ನಿಂದೇನೂ ಒಯ್ಯಾಕ ಬಂದಿಲ್ಲಲೇ,' ಅಂದರು ಕಾಕಾ, ಬೆರಳಲ್ಲಿ ಇನ್ನೂ ಹಸಿರು ಮೆತ್ತಿಕೊಂಡು. 'ಬರೇ ತುದಿ ತಗ್ಯಾಕತ್ತೇನಿ. ಇನ್ನಾ ನಾಕ ದಿನ ತಡ ಆದ್ರ ಚಿವುಟಿನೂ ಉಪಯೋಗ ಇಲ್ಲ.'

'ನನ್ನ ಹೊಲ, ನನ್ನ ತುದಿ,' ಅಂದ ಶರಣಪ್ಪ.

ಕಟ್ಟೆಗೆ ಕರೆದೊಯ್ದು, ಇನ್ನು ಮುಂದೆ ಯಾರ ಹೊಲಕ್ಕೂ ಕಾಲಿಡುವುದಿಲ್ಲ ಅಂತ ಎಲ್ಲರ ಮುಂದೆ ಅನ್ನಿಸಿದರು. ಜೀವಮಾನವಿಡೀ ಮಂದಿಯ ಹೊಲ ತಿರುಗಿದ್ದೇ ಕೆಲಸವಾಗಿದ್ದ ಮನುಷ್ಯ. ಅಂದರು. ಅಂದು ಮನೆಗೆ ಹೋಗುವಾಗ ಬದುವಿನ ಮೇಲೆ ಹೋಗಲಿಲ್ಲ, ಡಾಂಬರು ರಸ್ತೆ ಸುತ್ತಿಕೊಂಡು ಹೋದರು. ಆ ನಡಿಗೆಯನ್ನು ನಾನು ಇದುವರೆಗೆ ಆಡಿ ತೋರಿಸಿಲ್ಲ.

ಚಿವುಟದ ತೊಗರಿಗೆ ಕಾಯಿ ಕಡಿಮೆ ಬಂತು. ಆದ ಅಷ್ಟಿಷ್ಟಕ್ಕೂ ಅಕಾಲದ ಮಳೆ ಬಂದು ನೀರು ನಿಂತಿತು. ಕಾಕಾನ ಚಿವುಟಿದ ಹೊಲವೂ ಹೋಯಿತು, ಶರಣಪ್ಪನದೂ ಹೋಯಿತು. ನೀರಿಗೆ ಹಟ ಗೊತ್ತಿರಲಿಲ್ಲ. ನೀರಲ್ಲಿ ಕಾಲಿಟ್ಟು ಬದುಕುವ ಬೀಜ ಇದ್ದಿದ್ದರೆ ಅನ್ನುವ ಮಾತು ಎಲ್ಲರ ಬಾಯಿಗೆ ಬಂದಿರಬೇಕು, ಯಾರೂ ಆಡಲಿಲ್ಲ.

ಆಗ ಕಾಕಾ ನನ್ನ ಹತ್ತಿರ ಬಂದರು. 'ನಿನ್ನ ಮೊಬೈಲಿನಾಗ ಜಗತ್ತು ಅದ ಅಂತಾರ. ಆ ಹುಡುಗನ್ನ ಹುಡುಕು.' ಹುಡುಕಿದೆ. ಫೇಸ್‌ಬುಕ್ಕಿನಲ್ಲಿ ಚಿಸೊಮೊಗಳು ನಮ್ಮ ಕಡೆ ಮಲ್ಲಿಕಾರ್ಜುನರು ಇದ್ದಷ್ಟು. ಒಂದು ಫೋಟೊದಲ್ಲಿ ಮಾತ್ರ ಒಬ್ಬ ತಲೆಗೆ ಪಟಕಾ ಸುತ್ತಿಕೊಂಡಿದ್ದ. ಅಫಜಲಪುರದ ಸುತ್ತು, ಎಡಕ್ಕೆ ಸೆರಗು ಬಿಟ್ಟು. ಇನ್ನು ಸಂಶಯ ಏನು?

ಮಧ್ಯಾಹ್ನ ವಿಡಿಯೊ ಕಾಲ್ ಹಚ್ಚಿದೆ. ನನ್ನ ಇಂಗ್ಲಿಷಿನ ಅವಸ್ಥೆ ಹೇಳಬೇಕೆಂದರೆ, ಇಂಗ್ಲಿಷ್ ನ್ಯೂಸ್ ಓದುವವರ ದನಿ ಅಚ್ಚುಕಟ್ಟಾಗಿ ತೆಗೆಯುತ್ತೇನೆ, 'ಊಟ ಆಯಿತಾ' ಅಂತ ಕೇಳಲು ಬೆವರುತ್ತೇನೆ. ಅಂಥ ದುಭಾಷಿ. ಪರದೆಯ ಮೇಲೆ ಚಿಸೊಮೊ ಬಂದ, ದಪ್ಪಗಾಗಿದ್ದ. ಕಾಕಾನನ್ನು ಕಂಡವನೇ ಕೂಗಿದ: 'ಅಂಜಬ್ಯಾಡ್ರಿ, ಚಿವುಟ್ರಿ!' ಇಷ್ಟು ವರ್ಷವಾದರೂ ನನಗಿಂತ ಚೆನ್ನಾಗಿಯೇ ಮಾಡಿದ.

ಕಾಕಾ ಕಣ್ಣು ಒರೆಸಿಕೊಂಡು, 'ಬೀಜ ಕೇಳು' ಅಂದರು.

ಕೇಳಿದೆ. ಅವನು ನಿಧಾನವಾಗಿ ಹೇಳಿದ, ನಾನು ತಡವರಿಸುತ್ತಾ ಕನ್ನಡಕ್ಕೆ ಮಾಡಿದೆ. ಬೀಜ ತೆಗೆದಿಟ್ಟಿದ್ದರಂತೆ, ಮಣ್ಣಿನ ಗಡಿಗೆಯಲ್ಲಿ, ಬೂದಿ ಹಾಕಿ. ಒಯ್ಯುವವರು ಬರುವುದೇ ನಿಂತಿತು. ಕಾಗದ ಪತ್ರ ಇಲ್ಲದೆ ಬೀಜ ಗಡಿ ದಾಟುವ ಹಾಗಿಲ್ಲ. ವರ್ಷ ವರ್ಷ ಬೀಜ ಹೊಸದು ಮಾಡಿ ಮಾಡಿ ಇಟ್ಟರು. ಆಮೇಲೆ ಬಿರುಗಾಳಿ ಬಂದು ಮನೆಯಲ್ಲಿ ಕಾಳಿಲ್ಲದ ವರ್ಷ ಒಂದು ಬಂತು. ಅವರವ್ವ ಗಡಿಗೆ ತೆಗೆದು ಕುದಿಸಿದಳು.

'ಉಂಡಾರಂತ್ರಿ ಕಾಕಾ,' ಅಂದೆ.

'ಮನಿ ಮಂದಿಗೆಲ್ಲ ಸಾಕಾತಂತೇನು, ಕೇಳು.'

'ಒಂದು ಹೊತ್ತಿಗೆ ಆತಂತ್ರಿ.'

'ಛಲೋ ಆತು. ಉಣ್ಣಾಕ ಇರೋದ ಅದು. ಮನಸಿಗಿ ಹಚ್ಚಿಕೋಬ್ಯಾಡ ಅಂತ ಹೇಳು.'

ಹೇಳಿದೆ. ಆಗ ಚಿಸೊಮೊ ಇನ್ನೊಂದು ಹೇಳಿದ. ಇಲ್ಲಿಂದ ಹೋದ ಮೇಲೆ ಅವನು ಊರಿಗೆಲ್ಲ ಚಿವುಟುವುದು ಕಲಿಸಿದನಂತೆ. ಗಿಡ ಟೊಂಗೆ ಒಡೆದವು, ನಂದೋಲೋ ಮನೆ ತುಂಬಿತು. ಒಂದು ವರ್ಷ ನಿಮ್ಮ ದೇಶ ಇನ್ನೂ ತಾ, ಇನ್ನೂ ತಾ ಅಂದಿತು, ಮತ್ತೊಂದು ವರ್ಷ ಬಾಗಿಲು ಮುಚ್ಚಿತು. ಚೀಲ ಚೀಲ ಮನೆಯಲ್ಲೇ ಹುಳ ಹಿಡಿಯಿತು. ನಿನ್ನ ಮಾತು ಕೇಳಿ ಕೆಟ್ಟೆವು ಅಂತ ಊರವರು ಅವನನ್ನು ಬೈಯುತ್ತಾರೆ. ಅವನಿಗೆ ಅಲ್ಲಿ ಹೆಸರೇ ಬಿದ್ದಿದೆಯಂತೆ, ಇಂಡಿಯಾ ಅಂತ.

ಇದನ್ನು ಕೇಳಿ ಕಾಕಾ ನಕ್ಕರು. ತೊಡೆ ತಟ್ಟಿಕೊಂಡು ನಕ್ಕರು. 'ಇಲ್ಲಿ ನನ್ನ ಹೊಲ ಆಫ್ರಿಕಾ, ಅಲ್ಲಿ ಅಂವ ಇಂಡಿಯಾ!' ಒಳಗಿನಿಂದ ಕಾಕು, ಅಂದರೆ ಕಾಕಾನ ಹೆಂಡತಿ, ಏನಾಯಿತೋ ಅಂತ ಹೊರಗೆ ಬಂದರು. ನಗು ನಿಂತ ಮೇಲೆ ಕಾಕಾ ಕೇಳಿದರು, 'ಈಗ ಚಿವುಟತಾರೇನು ಅಲ್ಲಿ?'

ಇಲ್ಲವಂತೆ. ಈಗ ಯಾರೂ ನಂದೋಲೋ ಬಿತ್ತುವುದೇ ಇಲ್ಲವಂತೆ.

'ಝಿಕೋಮೋ' ಅಂದ ಚಿಸೊಮೊ. ಅವರ ಭಾಷೆಯಲ್ಲಿ ಉಪಕಾರವಾಯಿತು ಅಂತ ಅರ್ಥ. ಕಾಕಾಗೆ ಆ ಒಂದು ಮಾತು ನೆನಪಿತ್ತು. ಅವರೂ 'ಝಿಕೋಮೋ' ಅಂದರು. ಯಾರಿಂದ ಯಾರಿಗೆ ಏನು ಉಪಕಾರವಾಗಿತ್ತೋ, ದುಭಾಷಿಗೆ ಗೊತ್ತಾಗಲಿಲ್ಲ.

ಆಮೇಲೆ ಕಾಕಾ ಮಾತು ಕಡಿಮೆ ಮಾಡಿದರು. 'ಜಗತ್ತಿನಾಗ' ಅನ್ನುವುದು ನಿಂತಿತು. ಖಾಸಿಂ ಮಾಮು ಸರಿದು ಜಾಗ ಮಾಡಿದರೂ ಕೂತು ಪೇಪರು ಮಾತ್ರ ನೋಡುವರು. ಆ ದೇಶ ಈ ಒಪ್ಪಂದದಿಂದ ಎದ್ದು ಹೋಯಿತು, ಈ ದೇಶ ಆ ಸಭೆ ಬಿಟ್ಟಿತು, ಒಬ್ಬರ ಮಾಲಿನ ಮೇಲೆ ಇನ್ನೊಬ್ಬರು ಸುಂಕ ಏರಿಸಿದರು. ಒಂದು ಸಲ ಪೇಪರು ಮಡಚಿಟ್ಟು, 'ಪಂಗತಿ ಮುರೀತು ನೋಡು ಖಾಸಿಂ,' ಅಂದರು. ನಮ್ಮಲ್ಲಿ ಊಟಕ್ಕೆ ಪಂಗತಿ ಕೂತ ಮೇಲೆ ಕೊನೆಯವನ ಊಟ ಮುಗಿಯುವ ತನಕ ಯಾರೂ ಏಳುವಂತಿಲ್ಲ. ಕಾಕಾ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕೈ ಒಣಗಿ ಹೋದರೂ ಕೂತೇ ಇರುವರು. ಖಾಸಿಂ ಮಾಮು, 'ಯಾರೋ ಒಬ್ರು ಕೂಡಸ್ತಾರ ಬಿಡ್ರಿ ಸಾಬ್' ಅಂದ. 'ಎದ್ದವರು ಕೈ ತೊಳಕೊಂಡ್ರಪಾ,' ಅಂದರು ಕಾಕಾ.

ಆದರೂ ಬಿತ್ತುವ ಹೊತ್ತಿಗೆ ಆ ನಾಲ್ಕು ಸಾಲು ಮತ್ತೆ ಖಾಲಿ ಬಿಟ್ಟರು. ನನಗೆ ತಡೆಯಲಾಗಲಿಲ್ಲ. 'ಕಾಕಾ, ಬೀಜ ಉಂಡಾತಲ್ರಿ. ಇನ್ನ ಯಾಕ್ರಿ ಅದು?'

'ಜಾಗಾ ಇಡ್ತೇನಿ ಅಂತ ನಾ ಮಾತು ಕೊಟ್ಟೇನಿ. ಅವರದು ಅವರು ನೋಡಿಕೋತಾರ.'

ಕಾಕು ಒಳಗಿನಿಂದ ಕೂಗಿದರು, 'ಹಂಗ ಹೇಳ್ತಾರ ಬಿಡೋ. ಖರೇ ಅಂದ್ರ ಅಲ್ಲಿಯ ಹುಲ್ಲು ತಗ್ಯಾಕ ಇವರಿಗಿ ಬ್ಯಾಸರ!' ಕಾಕಾ ಅದಕ್ಕೂ ಹೂಂ ಅಂದರು.

ಈ ವರ್ಷ ಬಿತ್ತಿಗೆಗೆ ಮುಂಚೆ ಹೋಗಿಬಿಟ್ಟರು. ಎದೆ ನೋವು ಅಂದರಂತೆ, ದವಾಖಾನೆಗೆ ಒಯ್ಯಲು ಜೀಪು ಬರುವುದರೊಳಗೆ ಮುಗಿಯಿತು. ಸುತ್ತ ಹಳ್ಳಿಗೆ ತಿಳಿಸಲು ಆಟೋಕ್ಕೆ ದನಿ ತುಂಬಿ ಕೊಡಬೇಕಿತ್ತು. ಯಾರ ದನಿ ತೆಗೆಯಲಿ ಅಂತ ಹುಡುಕಿ ಕೊನೆಗೆ ನನ್ನದೇ ದನಿಯಲ್ಲಿ ಹೇಳಿದೆ. ಯಾರಿಗೂ ಗುರುತು ಸಿಗಲಿಲ್ಲ. 'ಈ ಸಲ ಯಾವನ ದನಿ ಲೇ, ಒಂದಿಷ್ಟೂ ಜೀವ ಇಲ್ಲ' ಅಂದ ಶರಣಪ್ಪ. ಚಿಸೊಮೊಗೂ ಹೇಳೋಣ ಅಂತ ಫೋನು ಹಚ್ಚಿದೆ. ಆ ನಂಬರು ಈಗ ಇಲ್ಲ.

ತಿಥಿಯ ಊಟಕ್ಕೆ ಅಂಗಳದಲ್ಲಿ ಪಂಗತಿ ಕೂತಿತು. ಬೆಳೆದಷ್ಟು ಮಾರಿ ಆಗಿತ್ತು, ಊರಿನಲ್ಲಿ ತೊಗರಿ ಉಳಿದಿರಲಿಲ್ಲ. ಬ್ಯಾಳಿ ಅಫಜಲಪುರದ ಕಿರಾಣಿಯಿಂದ ಬಂದಿತ್ತು. ಎಲ್ಲಿಯದು ಅಂತ ಕೇಳಿದ್ದಕ್ಕೆ ಅಂಗಡಿಯವ, 'ಆಫ್ರಿಕಾದ್ದು, ಛಲೋ ಕುದೀತದ' ಅಂದನಂತೆ. ಶರಣಪ್ಪ ಎರಡು ಸಲ ಸಾರು ಹಾಕಿಸಿಕೊಂಡ. ಹೇಳಲೋ ಬೇಡವೋ ಅಂತ ನಾನು ಸೌಟು ಹಿಡಿದು ನಿಂತೆ. ಹೇಳಲಿಲ್ಲ. ಮೊಬೈಲು ಗುಂಯ್‌ಗುಟ್ಟಿತು, ಅವನು ಅರ್ಧಕ್ಕೇ ಎದ್ದ. ಅವನ ಹಿಂದೆ ಇನ್ನಿಬ್ಬರು ಎದ್ದರು. ಆಮೇಲೆ ಯಾರಿಗೆ ಮುಗಿಯಿತೋ ಅವರು ಏಳುತ್ತಾ ಹೋದರು. ಕೊನೆಗೆ ಹಲ್ಲಿಲ್ಲದ ಖಾಸಿಂ ಮಾಮು ಒಬ್ಬನೇ ಉಣ್ಣುತ್ತಾ ಉಳಿದ.

ಕೈ ತೊಳೆದವರು ಕಟ್ಟೆಯ ಮೇಲೆ ಕೂತು, 'ಒಮ್ಮಿ ಕಾಕಾನ್ನ ಮಾಡು ಲೇ, ಅವರಿಗೂ ಖುಷಿ ಆಗ್ತದ' ಅಂದರು. ಒಲ್ಲೆ ಅಂದೆ. ಬಿಡಲಿಲ್ಲ. ಕಾಕಾನ ಮಗ ಅಪ್ಪನ ಎರಡೂ ಗಡಿಯಾರ ತಂದು ನನ್ನ ಕೈಗೆ ಕೊಟ್ಟ. 'ಇವನ್ನೇ ಕಟ್ಟಿಕೊಂಡು ಮಾಡು.' ಆ ಬದುವಿನ ತುಂಡನ್ನೂ ಅವನು ಈ ಸಲ ಉಳುಮೆ ಮಾಡಿ ಬಿತ್ತಿಸಿದ್ದ. ಜಾಗ ಯಾಕೆ ಹಾಳು ಬಿಡಬೇಕು ಅಂತ. ಒಳ್ಳೆಯ ಹುಡುಗ, ಯಾವ ಕೆಲಸವನ್ನೂ ಬಾಕಿ ಇಡುವುದಿಲ್ಲ.

ಕಟ್ಟಿಕೊಂಡೆ. ಬಲಗೈಯದನ್ನು ಒಳಮುಖ. ಎಡಗೈ ಎತ್ತಿ ಕಣ್ಣ ಹತ್ತಿರ ತಂದೆ. 'ಹಾಂ, ಇಲ್ಲಿ ಎರಡೂವರಿ.' ಆಗಲೇ ನಗಲು ಶುರು ಮಾಡಿದ್ದರು. ಬಲಗೈ ಎತ್ತಿದೆ, ದನಿ ಇಳಿಸಿದೆ.

ಅಲ್ಲೂ ಎರಡೂವರೆ.

'ಅದು ಕೆಟ್ಟಿತ್ತು,' ಅಂದ ಮಗ. 'ಭಾಳ ಹಿಂದ ಓಡಾಕತ್ತಿತ್ತು. ನಿನ್ನೆ ನಾನೇ ಸರಿ ಮಾಡೇನಿ.'